ಮಗನಿಗೆ ಚೆಂಡು ಬೇಕು, ಅಪ್ಪನಿಗೆ ಕರಿಕೋಟು

ಪ್ರಶ್ನೆ: ನಾವು ಡೆಂಕಣಿಕೋಟೆಯವರು, ಮನೆಮಾತು ಕನ್ನಡ. ಮಗ ಹೊಸೂರಿನ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದಾನೆ. ಬೆಂಗಳೂರಿನ ಒಂದು ಕ್ಲಬ್ಬಿಗೆ ಫುಟ್‌ಬಾಲ್ ಆಡುತ್ತಾನೆ, ಮುಂದೆ ಕೋಚ್ ಆಗುತ್ತೇನೆ ಅನ್ನುತ್ತಾನೆ. ಯಜಮಾನರು ಲಾ ಓದಿ ಇಲ್ಲೇ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡಲಿ ಅನ್ನುತ್ತಾರೆ. "ಚೆಂಡು ಒದ್ದರೆ ಅನ್ನ ಹುಟ್ಟುತ್ತಾ?" ಎಂದು ಒಮ್ಮೆ ರೇಗಿದ ಮೇಲೆ ಅಪ್ಪ ಮಗನಿಗೆ ಮಾತಿಲ್ಲ. ಇಬ್ಬರೂ ನನ್ನ ಕೈಲಿ ಹೇಳಿಸುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಡೆಂಕಣಿಕೋಟೆ

ಉತ್ತರ: ತಾಯಿ, ಮೊದಲು ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ಮುಟ್ಟಿಸುವುದನ್ನು ನಿಲ್ಲಿಸಿ. ನಿಮ್ಮ ಬಾಯಲ್ಲಿ ಇಬ್ಬರ ಕೋಪವೂ ಮೆತ್ತಗಾಗಿಬಿಡುತ್ತದೆ, ಹಾಗಾಗಿ ಎದುರುಬದುರು ಕೂರುವ ಅಗತ್ಯ ಇಬ್ಬರಿಗೂ ಕಾಣುತ್ತಿಲ್ಲ.

ಯಜಮಾನರ ಭಯವನ್ನು ಮಗ ಹಗುರ ಮಾಡಬಾರದು. 2025ರ ಆಗಸ್ಟಿನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಯುತ್ತದೋ ಇಲ್ಲವೋ ಎಂಬ ಸ್ಥಿತಿ ಬಂದಾಗ ಬೆಂಗಳೂರು ಎಫ್‌ಸಿಯೇ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಸುನಿಲ್ ಛೆಟ್ರಿ ಆಡುವ ಕ್ಲಬ್ಬಿನ ಕತೆಯೇ ಹೀಗಾದರೆ ಕೆಳಗಿನ ಡಿವಿಜನ್ನಿನ ಹುಡುಗನ ಮನೆಯವರು ಹೆದರುವುದರಲ್ಲಿ ತಪ್ಪೇನಿದೆ? ಆದರೆ ಯಜಮಾನರಿಗೂ ಒಂದು ಮಾತು ಹೇಳಬೇಕು. ಕರಿಕೋಟು ಹಾಕಿದ ದಿನವೇ ಅನ್ನ ಹುಟ್ಟುವುದಿಲ್ಲ. ಸೀನಿಯರ್ ವಕೀಲರ ಹಿಂದೆ ಫೈಲು ಹೊತ್ತು, ವಾಯಿದೆ ಬರೆದುಕೊಂಡು, ಕೈಗೆ ಬಂದಷ್ಟರಲ್ಲಿ ವರ್ಷಗಟ್ಟಲೆ ದೂಡಬೇಕು.

ಇವೆರಡನ್ನೂ ಒಬ್ಬನೇ ಮಾಡಲಾಗದು ಎಂದು ನಿಮ್ಮ ಮನೆಯಲ್ಲಿ ತೀರ್ಮಾನವಾಗಿಬಿಟ್ಟಿದೆ. ಅದನ್ನು ನಾನು ಒಪ್ಪುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತದ ಫುಟ್‌ಬಾಲ್ ತಂಡದ ನಾಯಕ ನಾಗಾಲ್ಯಾಂಡಿನ ತಾಲಿಮೆರೆನ್ ಆವೊ ಮೋಹನ್ ಬಾಗಾನ್‌ಗೆ ಆಡುತ್ತಲೇ ಕಲ್ಕತ್ತೆಯಲ್ಲಿ ಡಾಕ್ಟರಿಕೆ ಓದಿದರು, ಊರಿಗೆ ಮರಳಿ ವೈದ್ಯರಾಗಿಯೇ ಬಾಳಿದರು. ಸ್ಕಾಟ್ಲೆಂಡಿನ ಜಿಮ್ ಕ್ರೇಗ್ 1967ರಲ್ಲಿ ಸೆಲ್ಟಿಕ್ ತಂಡದೊಂದಿಗೆ ಯುರೋಪಿಯನ್ ಕಪ್ ಗೆದ್ದವರು, ವೃತ್ತಿಯಲ್ಲಿ ದಂತವೈದ್ಯರು. ನಮ್ಮ ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಕ್ರಿಕೆಟ್‌ಗೆ ಬಂದು, ಎಂಜಿನಿಯರಿಂಗ್ ಮುಗಿಸಲೆಂದು ಆಟ ಬಿಟ್ಟು ಮೈಸೂರಿಗೆ ಹೋದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಆಮೇಲೂ 20ನೇ ಟೆಸ್ಟಿಗೇ ನೂರು ವಿಕೆಟ್ ತುಂಬಿಸಿದರು. ಆದರೆ ಪ್ರಸನ್ನರಂತೆ ಬಿಟ್ಟು ಹೋಗು ಎಂದು ನಿಮ್ಮ ಮಗನಿಗೆ ನಾನು ಹೇಳಲಾರೆ. ಸ್ಪಿನ್ ಬೌಲರ್ ಐದು ವರ್ಷ ಕಾಯಬಹುದು; ಫುಟ್‌ಬಾಲ್ ಆಟಗಾರನ ಕಾಲು ಕಾಯುವುದಿಲ್ಲ.

ಯಜಮಾನರಿಗೆ ಇನ್ನೊಬ್ಬರ ವಿಷಯವನ್ನು ತಪ್ಪದೆ ಹೇಳಿ. ಎಲ್. ನಾಗೇಶ್ವರ ರಾವ್ ಆಂಧ್ರದ ಪರ ರಣಜಿ ಆಡಿದವರು, ವಕೀಲರಾಗಿ ಬೆಳೆದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ನಿವೃತ್ತರಾದ ಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಂವಿಧಾನವನ್ನು ಸಿದ್ಧಪಡಿಸುವ ಕೆಲಸವನ್ನು ಸುಪ್ರೀಂ ಕೋರ್ಟು ಅವರಿಗೇ ಒಪ್ಪಿಸಿತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಕ್ರೀಡೆಗೆಂದೇ ನ್ಯಾಯಮಂಡಳಿಯ ಏರ್ಪಾಡಿದೆ. ಸಂಬಳ ನಿಂತ ಆಟಗಾರನ ಕರಾರುಪತ್ರ ಓದಿ ಹೇಳಲು ಆಟ ಬಲ್ಲ ವಕೀಲರು ಬೇಕು, ಅಂಥವರು ನಮ್ಮಲ್ಲಿ ತೀರಾ ಕಡಿಮೆ.

ಇನ್ನು ದಾರಿ. ಬಿ.ಕಾಂ.ನಲ್ಲಿ ಕನಿಷ್ಠ ಶೇ 45 ಅಂಕ ಬರಲಿ. ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿಗೆ ಬೆಂಗಳೂರಿನಲ್ಲೇ ಸೇರಲಿ, ಕ್ಲಬ್ಬೂ ಅಲ್ಲೇ ಇದೆ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು, ಗಡಿಯಾಚೆ ಕನ್ನಡ ಉಳಿಸಿಕೊಂಡ ಮನೆಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಕಾನೂನು ಪದವಿ ಅಂಚೆಯಲ್ಲಿ ಓದುವಂಥದ್ದಲ್ಲ, ಶೇ 70 ಹಾಜರಿ ಬೇಕು. ಡೆಂಕಣಿಕೋಟೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿ, ಸಂಜೆ ಪ್ರಾಕ್ಟೀಸೂ ಮುಗಿಸುತ್ತೇನೆಂದರೆ ಆಗದು. ಹಾಸ್ಟೆಲ್ ಖರ್ಚಿಗೆ ಈಗಲೇ ಮನಸ್ಸು ಮಾಡಿ. ರಜೆಯಲ್ಲಿ ಫೆಡರೇಷನ್ನಿನ ಡಿ ಲೈಸೆನ್ಸ್ ಕೋಚಿಂಗ್ ಕೋರ್ಸ್ ಮುಗಿಸಲಿ. ಸಿ, ಬಿ, ಎ ಅದರ ಮೇಲಿನ ಮೆಟ್ಟಿಲುಗಳು. ಸರ್ಕಾರಿ ಕೋಚ್ ಆಗುವ ಆಸೆಯಿದ್ದರೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾವನ್ನೂ ಗಮನದಲ್ಲಿ ಇಟ್ಟುಕೊಳ್ಳಲಿ.

ಎಲ್‌ಎಲ್‌ಬಿ ಮುಗಿದ ಮೇಲೆ ಬಾರ್ ಕೌನ್ಸಿಲಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ ಮೀರಬಾರದೆಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ದುಡ್ಡಿಗೆ ಹೆದರಬೇಡಿ. ಬೆಂಗಳೂರಿನಲ್ಲಿ ಓದಿದರೂ ಡೆಂಕಣಿಕೋಟೆಯ ಕೋರ್ಟಿಗೆ ಬರಲು ಅಡ್ಡಿಯಿಲ್ಲ. ತಮಿಳು, ಕನ್ನಡ, ತೆಲುಗು ಮೂರರಲ್ಲೂ ಕಕ್ಷಿದಾರರ ಕಷ್ಟ ಕೇಳಬಲ್ಲ ವಕೀಲನಿಗೆ ಅಲ್ಲಿ ಕೆಲಸವಿದೆ. ಒಂದು ಕಟ್ಟು ಮಾತ್ರ ನಿಜವಾಗಿ ಅಡ್ಡ ಬರುತ್ತದೆ: ಬಾರ್ ಕೌನ್ಸಿಲಿನ 49ನೇ ನಿಯಮದಂತೆ, ಪ್ರಾಕ್ಟೀಸ್ ಮಾಡುವ ವಕೀಲ ಪೂರ್ಣಾವಧಿ ಸಂಬಳದ ನೌಕರನಾಗಿರುವಂತಿಲ್ಲ. ಕ್ಲಬ್ಬಿನ ಪೂರ್ಣಾವಧಿ ಕೋಚ್ ಆಗುವುದಾದರೆ ಆಗ ಸನ್ನದು ಅಮಾನತಿನಲ್ಲಿ ಇಡಬೇಕು. ಭಾನುವಾರ ಊರಿನ ಮಕ್ಕಳಿಗೆ ಆಟ ಕಲಿಸಲು ಯಾವ ನಿಯಮವೂ ತಡೆಯುವುದಿಲ್ಲ. ಆಯ್ಕೆಯ ಹೊತ್ತಿಗೆ ಅವನಿಗೆ ಇಪ್ಪತ್ತನಾಲ್ಕು ಆಸುಪಾಸು, ಎರಡೂ ಅರ್ಹತೆ ಕೈಯಲ್ಲಿರುತ್ತದೆ. ಆಗ ಅವನೇ ನಿರ್ಧರಿಸಲಿ.

ಯಜಮಾನರು ಮಗನ ಆಟವನ್ನು ಒಮ್ಮೆಯಾದರೂ ನೋಡಿದ್ದಾರೆಯೇ ಎಂದು ನೀವು ಬರೆದಿಲ್ಲ. ನೋಡಿರದಿದ್ದರೆ ಮುಂದಿನ ಪಂದ್ಯಕ್ಕೆ ಬೆಂಗಳೂರಿಗೆ ನೀವೇ ಕರೆದುಕೊಂಡು ಹೋಗಿ. ಈ ಉತ್ತರವನ್ನು ಮಾತ್ರ ಒಬ್ಬೊಬ್ಬರಿಗೆ ಬೇರೆಬೇರೆ ಹೇಳಬೇಡಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಓದಿಸಿ.