ಹೊಲ ನುಂಗುವ ಹೊಳೆಯ ತಿರುವು

ಭೀಮಾ ತೀರದ ರೈತ ಬಂಧುಗಳೇ, ನಿಮ್ಮ ಹೊಲ ತಿರುವಿನ ಹೊರಮಗ್ಗುಲಲ್ಲಿದೆ. ಅಲ್ಲಿ ಸೆಳೆತ ಹೆಚ್ಚಿ ದಡದ ಬುಡ ಕೊರೆಯುತ್ತದೆ. ಎದುರು ದಡದಲ್ಲಿ ಸೆಳೆತ ತಗ್ಗಿ ಮರಳು ಕೂಡುತ್ತದೆ. ಹೀಗೆ ಹೊಳೆ ನಿಮ್ಮತ್ತ ಸರಿಯುತ್ತಿದೆ. ನೆರೆ ಇಳಿದ ಮೇಲೆ ದಡ ಕುಸಿಯಿತೆಂದು ಬರೆದಿದ್ದೀರಿ. ನೆನೆದ ಎರೆಮಣ್ಣು ಭಾರವಾಗಿರುತ್ತದೆ, ಅದಕ್ಕೆ ಒತ್ತಾಸೆಯಾಗಿದ್ದ ನೀರು ಹಿಂದೆ ಸರಿದಿರುತ್ತದೆ. ಆ ದಿನಗಳಲ್ಲಿ ಅಂಚಿಗೆ ಹೋಗಲೇಬೇಡಿ.

ಅಂಚಿನುದ್ದಕ್ಕೂ ಒಂದು ಪಟ್ಟಿ ಉಳದೆ ಬಿಡಿ. ಇಳಿಜಾರಿಗೆ ಲಾವಂಚ, ಮೇಲೆ ಬಿದಿರು, ಹೊಂಗೆ ನೆಡಿ. ಲಾವಂಚದ ಬೇರು 2–3 ಮೀಟರ್ ಇಳಿಯುತ್ತದೆ. ಕೊರೆತ ಅದಕ್ಕಿಂತ ಆಳದಲ್ಲಿದ್ದರೆ ಬುಡಕ್ಕೆ ಕಲ್ಲಿನ ಕಟ್ಟು ಬೇಕು. ನೀವೊಬ್ಬರೇ ಕಲ್ಲು ಸುರಿದರೆ ಸೆಳೆತ ಪಕ್ಕದವರ ಹೊಲಕ್ಕೆ ತಿರುಗೀತು. ಊರವರೆಲ್ಲ ಸೇರಿ ನೀರಾವರಿ ಇಲಾಖೆಗೆ ಅರ್ಜಿ ಕೊಡಿ. ತಿರುವಿನ ಬಳಿ ಮರಳು ತೆಗೆಯುವುದನ್ನು ನಿಲ್ಲಿಸಲು ತಹಶೀಲ್ದಾರರನ್ನು ಒತ್ತಾಯಿಸಿ.