ವಿಂಡೋಸ್ ಬದಲಿಸುವ ಮುನ್ನ ಹಾಡುಗಳನ್ನು ಹೊರತೆಗೆದಿಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ವಿಂಡೋಸ್ 11ಕ್ಕೆ ಹೋಗುವವರು ಹೆಚ್ಚಿದ್ದಾರೆ. ಪತ್ರ ಬರೆಯುವ ಕಂಪ್ಯೂಟರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಮನೆಯ ಒಂದು ಕೋಣೆಯಲ್ಲಿ ಮೈಕು, ಆಡಿಯೊ ಇಂಟರ್‌ಫೇಸ್ ಇಟ್ಟುಕೊಂಡು ಭಜನೆ, ತತ್ವಪದ, ಪೌರಾಣಿಕ ನಾಟಕದ ಹಾಡು ರೆಕಾರ್ಡ್ ಮಾಡಿಕೊಡುವವರ ಕಥೆ ಬೇರೆ. ಅವರು ಪುರವರದಲ್ಲಿರಲಿ, ಪಾವಗಡದಲ್ಲಿರಲಿ, ಅಪ್‌ಗ್ರೇಡ್ ಆದ ಮರುದಿನ ಹಳೇ ಪ್ರಾಜೆಕ್ಟ್ ತೆರೆದರೆ ವೀಣೆಯ ಟ್ರ್ಯಾಕ್ ಮೌನವಾಗಿರಬಹುದು, ಮೈಕು ಕೇಳಿಸದೇ ಇರಬಹುದು.

ಮೊದಲು ಕಾಲ ನೋಡಿಕೊಳ್ಳಿ. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆ ಹತ್ತಿರವಿದ್ದು, ಯಾವುದೋ ಊರಿನ ‘ಕುರುಕ್ಷೇತ್ರ’ ನಾಟಕದವರು ಟ್ರ್ಯಾಕಿಗೆ ಕಾಯುತ್ತಿರುವಾಗ ಈ ಕೆಲಸಕ್ಕೆ ಕೈಹಾಕಬೇಡಿ. ಮದುವೆ, ಗೃಹಪ್ರವೇಶಗಳಿಲ್ಲದ ಆಷಾಢ ಇದಕ್ಕೆ ಹೇಳಿ ಮಾಡಿಸಿದ ತಿಂಗಳು.

ಮುನ್ನ ಮಾಡಬೇಕಾದ್ದು

ಪ್ರಾಜೆಕ್ಟ್ ಫೈಲನ್ನು ಕಾಪಿ ಮಾಡಿಕೊಂಡರೆ ಹಾಡು ಉಳಿಯಿತು ಎಂದುಕೊಳ್ಳುವವರೇ ಹೆಚ್ಚು. ಆ ಫೈಲಿನಲ್ಲಿರುವುದು ಯಾವ ಸ್ವರವನ್ನು ಯಾವ ಪ್ಲಗಿನ್ ಎಲ್ಲಿ ನುಡಿಸಬೇಕೆಂಬ ಸೂಚನೆ ಮಾತ್ರ. ಪ್ಲಗಿನ್ ಇಲ್ಲವಾದರೆ ವಾದ್ಯವೂ ಇಲ್ಲ. ಆದ್ದರಿಂದ ಮುಖ್ಯವಾದ ಪ್ರತಿ ಹಾಡಿನ ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ವೇವ್ ಫೈಲಾಗಿ, ಎಲ್ಲವೂ ಸೊನ್ನೆಯಿಂದಲೇ ಶುರುವಾಗುವಂತೆ, 24 ಬಿಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಮಿಡಿ ಫೈಲನ್ನೂ ತೆಗೆದಿಡಿ. ಫೋಲ್ಡರಿನ ಹೆಸರಿನಲ್ಲೇ ಟೆಂಪೊ, ಶ್ರುತಿ ಬರೆದುಬಿಡಿ. 48 ಕಿಲೋಹರ್ಟ್ಸ್‌ನ ಸ್ಟೀರಿಯೊ ಟ್ರ್ಯಾಕು ನಿಮಿಷಕ್ಕೆ ಸುಮಾರು 17 ಎಂಬಿ ತಿನ್ನುತ್ತದೆ. 20 ಟ್ರ್ಯಾಕಿನ ಐದು ನಿಮಿಷದ ಹಾಡಿಗೆ 1.7 ಜಿಬಿ ಆಯಿತು. ಇದಕ್ಕೆ ಪೆನ್‌ಡ್ರೈವ್ ನಂಬಬೇಡಿ, ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತನ್ನಿ.

ಇನ್ನು ಕಂಪ್ಯೂಟರಿನ ಯೋಗ್ಯತೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶ ಇದನ್ನು ಹೇಳಿಬಿಡುತ್ತದೆ. ಈಗಿರುವುದು 32 ಬಿಟ್‌ನ ವಿಂಡೋಸ್ 10 ಆಗಿದ್ದರೆ ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು, ಏಕೆಂದರೆ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ.

ಲೈಸೆನ್ಸ್ ವಿಷಯದಲ್ಲಿ ಕ್ಯೂಬೇಸ್ ರೆಕಾರ್ಡಿಂಗ್ ತಂತ್ರಾಂಶದ ಹಳೇ ಆವೃತ್ತಿ ಇಟ್ಟುಕೊಂಡವರು ವಿಶೇಷ ಎಚ್ಚರ ವಹಿಸಬೇಕು. 12ನೇ ಆವೃತ್ತಿಗಿಂತ ಹಿಂದಿನವು ಇಲೈಸೆನ್ಸರ್ ಎಂಬ ಲೈಸೆನ್ಸ್ ವ್ಯವಸ್ಥೆಯಲ್ಲಿ ನಡೆಯುತ್ತಿದ್ದವು, ತಯಾರಕರಾದ ಸ್ಟೈನ್‌ಬರ್ಗ್ ಆ ಸೇವೆಯನ್ನು 2025ರ ಮೇ 20ಕ್ಕೆ ನಿಲ್ಲಿಸಿದೆ. ಯುಎಸ್‌ಬಿ ಡಾಂಗಲ್‌ನಲ್ಲಿರುವ ಲೈಸೆನ್ಸ್ ಡಾಂಗಲ್ ಬದುಕಿರುವವರೆಗೆ ನಡೆಯುತ್ತದೆ. ಕಂಪ್ಯೂಟರಿಗೇ ಅಂಟಿಕೊಂಡ ಲೈಸೆನ್ಸು ಡಿಸ್ಕ್ ಫಾರ್ಮ್ಯಾಟ್ ಮಾಡಿದ ಮೇಲೆ ಮರಳಿ ಸಿಗದು. ಕ್ರ್ಯಾಕ್ ಪ್ಲಗಿನ್‌ಗಳ ಬಗ್ಗೆ ಏನು ಹೇಳಲಿ? ಕೈಕೊಟ್ಟರೆ ಕೇಳಲು ಯಾರೂ ಇರುವುದಿಲ್ಲ. ರೀಪರ್‌ನಂಥ ಅಗ್ಗದ ತಂತ್ರಾಂಶವನ್ನು 60 ದಿನ ಪರೀಕ್ಷಿಸಿಯೇ ಕೊಳ್ಳಬಹುದು.

ಆದಮೇಲೆ

ಕ್ರಮ ತಪ್ಪಿಸಬೇಡಿ. ಇಂಟರ್‌ಫೇಸ್ ತಯಾರಕರ ಜಾಲತಾಣದಿಂದ ವಿಂಡೋಸ್ 11ರ ಡ್ರೈವರ್ ಮೊದಲು, ರೆಕಾರ್ಡಿಂಗ್ ತಂತ್ರಾಂಶ ಆಮೇಲೆ, ಪ್ಲಗಿನ್‌ಗಳು ಕೊನೆಗೆ. ಬಳಿಕ ತಂತ್ರಾಂಶದ ಆಡಿಯೊ ಸೆಟ್ಟಿಂಗ್‌ನಲ್ಲಿ ನಿಮ್ಮ ಇಂಟರ್‌ಫೇಸಿನ ಏಸಿಯೊ ಡ್ರೈವರನ್ನೇ ಆರಿಸಿ.

ಹಾಡು ಕೇಳುತ್ತದೆ, ಮೈಕಿನ ದನಿ ಮಾತ್ರ ಬರುತ್ತಿಲ್ಲವೇ? ಕೇಬಲ್ ಕಿತ್ತು ಹಾಕುವ ಮೊದಲು ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿ ಮೈಕ್ರೊಫೋನ್ ತೆರೆಯಿರಿ. ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ ಇಲ್ಲದಿರಬಹುದು. ಹಳೇ ಇಂಟರ್‌ಫೇಸ್ ಪತ್ತೆಯೇ ಆಗದಿದ್ದರೆ ಕೋರ್ ಐಸೊಲೇಶನ್ ಅಡಿಯ ‘ಮೆಮೊರಿ ಇಂಟೆಗ್ರಿಟಿ’ ಅದರ ಡ್ರೈವರನ್ನು ತಡೆದಿರಬಹುದು. ಅದನ್ನು ಆಫ್ ಮಾಡಿದರೆ ಭದ್ರತೆ ಕುಗ್ಗುತ್ತದೆ. ಹೊಸ ಡ್ರೈವರ್ ಹುಡುಕುವುದೇ ಮೇಲು.

ಪ್ಲಗಿನ್ ಕಾಣೆಯಾದರೆ ಎಲ್ಲರೂ ವಿಂಡೋಸನ್ನು ಬೈಯುತ್ತಾರೆ. ಆದರೆ ವಿಂಡೋಸ್ 11ರಲ್ಲಿ 32 ಬಿಟ್ ತಂತ್ರಾಂಶ ಈಗಲೂ ಓಡುತ್ತದೆ. ಜೊತೆಗೇ ಕ್ಯೂಬೇಸನ್ನೂ ಹೊಸದಕ್ಕೆ ಏರಿಸಿದ್ದರೆ ಕಾರಣ ಅಲ್ಲಿದೆ: 9ನೇ ಆವೃತ್ತಿಯಿಂದಲೇ ಅದು 32 ಬಿಟ್ ಪ್ಲಗಿನ್ ಬಿಟ್ಟಿದೆ. ಕಾಣೆಯಾದ ಪ್ಲಗಿನ್‌ನ 64 ಬಿಟ್ ಆವೃತ್ತಿ ಇದೆಯೇ ನೋಡಿ, ಇಲ್ಲವಾದರೆ ತೆಗೆದಿಟ್ಟ ವೇವ್ ಫೈಲಿನಿಂದಲೇ ಕೆಲಸ ಮುಂದುವರಿಸಿ.

ಏನೂ ಸರಿಹೋಗದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ‘ಗೋ ಬ್ಯಾಕ್’ ಒತ್ತಿ ಹಿಂದಕ್ಕೆ ಹೋಗಬಹುದು. ಗಡುವು 10 ದಿನ. ಅಷ್ಟರೊಳಗೆ ಜಾಗ ಖಾಲಿ ಮಾಡಲೆಂದು ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರನ್ನು ಅಳಿಸಿದರೆ ಆ ದಾರಿಯೂ ಮುಚ್ಚಿತು. ಡಿಸ್ಕ್ ಫಾರ್ಮ್ಯಾಟ್ ಮಾಡಿ ಹಾಕಿಸಿಕೊಂಡವರಿಗಂತೂ ಈ ಸೌಲಭ್ಯವೇ ಇಲ್ಲ.

ಹಳೇ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದ್ದರೆ ನನ್ನ ಸಲಹೆ ಬೇರೆ. ಅದನ್ನು ವಿಂಡೋಸ್ 10ರಲ್ಲೇ ಬಿಟ್ಟು, ಇಂಟರ್ನೆಟ್ ತೆಗೆದು, ರೆಕಾರ್ಡಿಂಗಿಗೆ ಮಾತ್ರ ಇಟ್ಟುಕೊಳ್ಳಿ. ಮೇಲ್, ವಾಟ್ಸ್ಆ್ಯಪ್, ಯೂಟ್ಯೂಬ್ ಎಲ್ಲ ಬೇರೆ ಯಂತ್ರದಲ್ಲಿರಲಿ. ಗಿರಾಕಿಗಳು ತರುವ ಪೆನ್‌ಡ್ರೈವನ್ನೂ ಮೊದಲು ಆ ಇನ್ನೊಂದು ಯಂತ್ರದಲ್ಲೇ ಸ್ಕ್ಯಾನ್ ಮಾಡಿ.