ಟಾಸ್ಮೇನಿಯನ್ ಡೆವಿಲ್: ಕಚ್ಚಿದರೆ ಅಂಟುವ ಕ್ಯಾನ್ಸರ್

ಕ್ಯಾನ್ಸರ್ ಅಂಟುರೋಗವಲ್ಲ ಅಂತ ನಮಗೆಲ್ಲ ಗೊತ್ತು. ಆದರೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿರುವ ಒಂದು ಪ್ರಾಣಿಯ ಮಟ್ಟಿಗೆ ಈ ಮಾತು ಸುಳ್ಳಾಗಿದೆ. ಅದರ ಹೆಸರು ಟಾಸ್ಮೇನಿಯನ್ ಡೆವಿಲ್. ಇವತ್ತು ನಾವು ಅದರ ಬದುಕನ್ನು ನೋಡೋಣ.

ಕಾಂಗರೂವಿನ ಹಾಗೆ ಇದೂ ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಬೆಳೆಸುತ್ತೆ. ಆದರೆ ಇದು ಹುಲ್ಲು ತಿನ್ನಲ್ಲ, ಮಾಂಸ ತಿನ್ನುತ್ತೆ. ಇಂದು ಬದುಕಿರುವ ಮಾಂಸಾಹಾರಿ ಚೀಲಪ್ರಾಣಿಗಳಲ್ಲಿ ಇದೇ ದೊಡ್ಡದು. ಆದರೂ ಗಾತ್ರ ಸಣ್ಣ ನಾಯಿಯಷ್ಟೇ. ಹಗಲೆಲ್ಲ ಬಿಲದಲ್ಲಿ ಮಲಗಿದ್ದು ರಾತ್ರಿ ಹೊರಡುತ್ತೆ. ಸತ್ತ ವಾಲಬಿ ಸಿಕ್ಕರಂತೂ ಮೂಳೆ, ತುಪ್ಪಳ ಸಮೇತ ಮುಗಿಸುತ್ತೆ.

ಬಸಿರು ಕೇವಲ 21 ದಿನ. ಹುಟ್ಟುವ ಮರಿಗಳು 20ರಿಂದ 30, ಒಂದೊಂದೂ ಅಕ್ಕಿಕಾಳಿನಷ್ಟು. ಆದರೆ ತಾಯಿಗಿರುವುದು ನಾಲ್ಕೇ ಮೊಲೆತೊಟ್ಟು! ಮೊದಲು ಹೋಗಿ ಕಚ್ಚಿಕೊಂಡ ನಾಲ್ಕು ಮಾತ್ರ ಬದುಕುತ್ತವೆ. ಅಂದರೆ ಹುಟ್ಟಿದ ಗಳಿಗೆಯಿಂದಲೇ ಪೈಪೋಟಿ.

ದೊಡ್ಡವಾದ ಮೇಲೂ ಅಷ್ಟೇ. ಒಂಟಿಯಾಗಿ ಓಡಾಡುವ ಇವು ಒಂದೇ ಹೆಣದ ಸುತ್ತ ಸೇರಿದಾಗ ಕಿರುಚಾಡಿ, ಪರಸ್ಪರ ಮುಖಕ್ಕೆ ಕಚ್ಚುತ್ತವೆ. ಬೆದೆಯ ಕಾಲದಲ್ಲೂ ಹೀಗೇ. ಅವುಗಳ ಪಾಲಿಗೆ ಇದು ಮಾಮೂಲು ವ್ಯವಹಾರ. ರೋಗ ಹಿಡಿದ ದಾರಿಯೂ ಇದೇ.

1996ರಲ್ಲಿ ದ್ವೀಪದ ಈಶಾನ್ಯ ಭಾಗದಲ್ಲಿ, ಮುಖದ ಮೇಲೆ ಗಡ್ಡೆಗಳಿದ್ದ ಡೆವಿಲ್‌ಗಳು ಕಂಡವು. ಇಲ್ಲಿ ಹರಡುವುದು ವೈರಸ್ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ; ಕ್ಯಾನ್ಸರ್ ಕೋಶವೇ! ಎಂದೋ ಸತ್ತುಹೋದ ಒಂದು ಹೆಣ್ಣು ಡೆವಿಲ್‌ನ ಕೋಶಗಳು ಕಚ್ಚಾಟದ ಮೂಲಕ ದಾಟುತ್ತ ಇನ್ನೂ ಬದುಕಿವೆ. ಬೇರೆ ದೇಹದ ಕೋಶ ಬಂದರೆ ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಸಿ ಕೊಲ್ಲುತ್ತೆ ಅಲ್ವಾ? ಈ ಕೋಶಗಳು ಆ ಗುರುತನ್ನೇ ತಮ್ಮ ಮೇಲ್ಮೈಯಿಂದ ಮರೆಮಾಡುತ್ತವೆ. ಗಡ್ಡೆ ಬೆಳೆದು ಬಾಯಿ ಕಟ್ಟಿದಾಗ ಪ್ರಾಣಿ ಹಸಿವಿನಿಂದ ಸಾಯುತ್ತೆ. ರೋಗ ಬಹುಕಾಲ ನೆಲೆಸಿದ ಕಡೆ ಸುಮಾರು 80% ಡೆವಿಲ್‌ಗಳು ಅಳಿದವು.

ಇನ್ನೊಂದು ವಿಚಿತ್ರ ಗಮನಿಸಿ. ಕಚ್ಚಿಸಿಕೊಂಡವುಗಳಿಗಿಂತ, ಮುನ್ನುಗ್ಗಿ ಬೇರೆಯವುಗಳ ಗಡ್ಡೆಗೇ ಬಾಯಿ ಹಾಕುವ ಜೋರಿನವುಗಳಿಗೆ ರೋಗ ಹೆಚ್ಚು ತಗಲುತ್ತೆ. ಊಟ, ಸಂಗಾತಿ ಗೆಲ್ಲಿಸಿಕೊಡುತ್ತಿದ್ದ ಗುಣವೇ ಈಗ ಮುಳುವಾಗಿದೆ.

ಹಾಗಂತ ಕಥೆ ಮುಗಿದಿಲ್ಲ. 2012ರಲ್ಲಿ ಆರೋಗ್ಯವಂತ ಡೆವಿಲ್‌ಗಳನ್ನು ಮರಿಯಾ ದ್ವೀಪಕ್ಕೆ ಬಿಟ್ಟರು. ಅಲ್ಲಿ ಅವು ಚೆನ್ನಾಗಿ ಬೆಳೆದವು. ರೋಗವಿರುವ ಕಡೆ ಹೆಣ್ಣುಗಳು ಎರಡು ವರ್ಷದ ಬದಲು ಒಂದೇ ವರ್ಷಕ್ಕೆ ಮರಿ ಹಾಕುತ್ತಿವೆ. ಕೆಲವುಗಳ ಗಡ್ಡೆ ತಾನಾಗಿಯೇ ಕರಗಿದ್ದೂ ಇದೆ. ಓಟ ಈಗ ರೋಗಕ್ಕೂ ವಿಕಾಸಕ್ಕೂ ನಡುವೆ.